ದೊಡ್ಡ ಮೊಗವಾಡಗಳ ಅಚ್ಚು ತೆಗೆಯುವ ಕ್ರಮ ಮತ್ತು ವೇಷಭೂಷಣದ ಸಣ್ಣ ಉದ್ಯಮ

ಕಾಸರಗೋಡಿನ ಕನ್ನಡ ಪ್ರದೇಶದಲ್ಲಿ ವೇಷಭೂಷಣ ಕೇಳಿಕೊಂಡು ಬರುವವರು ಯಕ್ಷಗಾನ ಸಂಘದವರು, ಕೇರಳದ ಶಾಲಾ ಕಲೋತ್ಸವಕ್ಕೆ ಮಕ್ಕಳನ್ನು ಸಿದ್ಧಪಡಿಸುವ ಶಾಲೆಯವರು ಮತ್ತು ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಭಕ್ತರು ಕಾಣಿಕೆ ತರುವ ಹೊರೆಕಾಣಿಕೆ ಮೆರವಣಿಗೆಯ ಹೊಣೆ ಹೊತ್ತ ಸಮಿತಿಯವರು. ಕಿರೀಟ, ಭುಜಕೀರ್ತಿ, ಎದೆಪದಕಗಳಂತಹ ಮರದ ಸಾಮಾನು ತಯಾರಿಸುವುದು ಬೇರೆಯೇ ವಿದ್ಯೆ. ಅದರಲ್ಲಿ ಪಳಗಿದ ಕೈಗಳೊಂದಿಗೆ ಹೊಸಬರು ಪೈಪೋಟಿಗೆ ಇಳಿಯದಿರುವುದು ಒಳ್ಳೆಯದು. ದೇವಿಯ ವಾಹನವಾದ ಸಿಂಹ, ವರಾಹ, ಗಣಪತಿ, ಜಾಂಬವಂತ ಇವರ ದೊಡ್ಡ ತಲೆಗಳಾದರೋ ಒಂದೇ ಅಚ್ಚಿನಿಂದ ಮತ್ತೆ ಮತ್ತೆ ತೆಗೆಯಬಹುದಾದವು. ಅಚ್ಚು ಈ ಉದ್ಯಮದ ಮೂಲ ಬಂಡವಾಳವಾದ್ದರಿಂದ, ವರ್ಷದಲ್ಲಿ ಹಲವು ಬಾರಿ ಬಾಡಿಗೆಗೆ ಹೋಗುವ ರೂಪಕ್ಕೆ ಮಾತ್ರ ಅಚ್ಚು ತೆಗೆಯಬೇಕು. ಕೋಲ ಕಟ್ಟುವಾಗ ಧರಿಸುವ ದೈವಗಳ ಮೊಗವಾಡ (ಮೊಗ) ಮತ್ತು ಬೆನ್ನಿಗೆ ಕಟ್ಟುವ ಅಲಂಕಾರದ ಚೌಕಟ್ಟು (ಅಣಿ) ಆರಾಧನೆಗೆ ಸೇರಿದವುಗಳು. ಎಷ್ಟು ಹಣ ಕೊಡುತ್ತೇವೆಂದರೂ ಅವು ಬಾಡಿಗೆಯ ಸರಕಾಗಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಆವೆಮಣ್ಣಿನಲ್ಲಿ ಮೂಲರೂಪವನ್ನು ಮಾಡಿಕೊಳ್ಳಬೇಕು. ವಯಸ್ಕರ ತಲೆಯ ಸುತ್ತಳತೆ ಸುಮಾರು 56ರಿಂದ 58 ಸೆಂ.ಮೀ. ಇರುತ್ತದೆ; ಅದರ ಮೇಲೆ ಬಟ್ಟೆ ಸುತ್ತಿಕೊಳ್ಳುವುದಕ್ಕೂ ಒಳಗೆ ಗಾಳಿ ಆಡುವುದಕ್ಕೂ ಜಾಗ ಬಿಟ್ಟು ಅಳತೆ ನಿರ್ಧರಿಸಬೇಕು. ಕಾಗದವೂ ರಬ್ಬರೂ ಒಣಗುವಾಗ ಕುಗ್ಗುವುದರಿಂದ ಮೂಲರೂಪ ಬೇಕಾದ ಗಾತ್ರಕ್ಕಿಂತ ತುಸು ದೊಡ್ಡದಿರಲಿ. ಆನೆಯ ಸೊಂಡಿಲು, ಹಂದಿಯ ಕೋರೆ, ಹೊರಚಾಚಿದ ಕಿವಿ ಇವುಗಳನ್ನು ತಲೆಯೊಂದಿಗೇ ಅಚ್ಚು ತೆಗೆಯಲು ಹೋದರೆ ಬಿಡಿಸುವಾಗ ಅಚ್ಚಾದರೂ ಮುರಿಯುತ್ತದೆ, ಎರಕವಾದರೂ ಹರಿಯುತ್ತದೆ. ಇವುಗಳಿಗೆ ಬೇರೆಯೇ ಚಿಕ್ಕ ಅಚ್ಚು ಮಾಡಿ ಕೊನೆಗೆ ಜೋಡಿಸಬೇಕು.

ತಲೆಯ ಅಚ್ಚು ಎರಡು ಭಾಗವಾಗಿದ್ದರೆ ಸಾಕು. ನೆತ್ತಿಯಿಂದ ಹೊರಟು ಕಿವಿಯ ಹಿಂಬದಿಯಾಗಿ ಕುತ್ತಿಗೆಗೆ ಇಳಿಯುವ ಗೆರೆಯನ್ನು ಗುರುತಿಸಿ, ಆ ಗೆರೆಯುದ್ದಕ್ಕೂ ತಗಡಿನ ಚೂರುಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಮಣ್ಣಿಗೆ ಚುಚ್ಚಿ ಬೇಲಿ ಕಟ್ಟಬೇಕು. ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸುವಾಗ 1 ಲೀಟರ್ ನೀರಿಗೆ ಸುಮಾರು 1.4ರಿಂದ 1.5 ಕಿಲೊ ಪುಡಿಯನ್ನು ನೀರಿನ ಮೇಲೆ ಉದುರಿಸಿ, ಅದು ತಾನಾಗಿ ನೆನೆದು ಮುಳುಗಿದ ಮೇಲೆ ಮೆಲ್ಲನೆ ಕಲಸಬೇಕು. ಪುಡಿಗೆ ನೀರು ಸುರಿದರೆ ಗಂಟು ಕಟ್ಟುತ್ತದೆ, ರಭಸದಿಂದ ಕಲಸಿದರೆ ಗುಳ್ಳೆ ಏಳುತ್ತದೆ. ಮೊದಲ ಪದರ ಬರಿಯ ಪ್ಲಾಸ್ಟರಿನದಾಗಿದ್ದು, ಬ್ರಷ್ಷಿನಿಂದ ಹಚ್ಚಿದ ಕೂಡಲೇ ಬಾಯಿಯಿಂದ ಊದಿ ಕೇಸರದ ಸಂದು, ಮೂಗಿನ ಹೊಳ್ಳೆಗಳಿಗೆ ಅದು ಇಳಿಯುವಂತೆ ನೋಡಿಕೊಳ್ಳಬೇಕು. ಅನಂತರದ ಪದರಗಳಿಗೆ ಪ್ಲಾಸ್ಟರಿನಲ್ಲಿ ಅದ್ದಿದ ಗೋಣಿಬಟ್ಟೆಯ ತುಂಡುಗಳನ್ನು ಸೇರಿಸುತ್ತ ಸುಮಾರು 3 ಸೆಂ.ಮೀ. ದಪ್ಪ ಬರಿಸಿ, ಅಂಚನ್ನು ಇನ್ನೂ ದಪ್ಪ ಮಾಡಬೇಕು. ಆಧಾರಕ್ಕೆ ಮರದ ಪಟ್ಟಿ ಬೇಡ. ಮರ ನೀರು ಹೀರಿ ಉಬ್ಬಿದರೆ ಪ್ಲಾಸ್ಟರ್ ಬಿರುಕು ಬಿಡುತ್ತದೆ. ಪಿವಿಸಿ ಪೈಪಿನ ತುಂಡುಗಳನ್ನು ಗೋಣಿಬಟ್ಟೆಯಿಂದ ಬೆನ್ನಿಗೆ ಕೂರಿಸಿದರೆ ಅವು ಹಿಡಿಯೂ ಆಗುತ್ತವೆ, ಕಾಲೂ ಆಗುತ್ತವೆ. 60 ಸೆಂ.ಮೀ. ಎತ್ತರದ ತಲೆಯ ಅಚ್ಚು ಹಸಿಯಾಗಿರುವಾಗ ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರವಿರುತ್ತದೆ. ಒಂದು ಭಾಗ ಗಟ್ಟಿಯಾದ ಬಳಿಕ ತಗಡು ತೆಗೆದು, ಅಂಚಿನಲ್ಲಿ ಚಮಚದಿಂದ ನಾಲ್ಕಾರು ಗುಳಿ ಕೊರೆದು, ಆ ಅಂಚಿಗೆ ಮಾತ್ರ ಸಾಬೂನಿನ ನೀರನ್ನು ದಪ್ಪಗೆ ಹಚ್ಚಿ ಇನ್ನೊಂದು ಭಾಗವನ್ನು ಎರೆಯಬೇಕು.

ಅಚ್ಚು ಒಣಗಿಸುವುದು ನಮ್ಮ ಹವೆಯಲ್ಲಿ ದೊಡ್ಡ ತಾಪತ್ರಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರೆದ ಅಚ್ಚು ವಾರಗಟ್ಟಲೆ ತೇವವಾಗಿಯೇ ಉಳಿದು ಬೂಸಲು ಹಿಡಿಯುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ದಿನಗಳಲ್ಲಿ, ಅಡಕೆ ಹರವುವ ಅಂಗಳದಲ್ಲಿ, ಎರಡೂ ಭಾಗಗಳನ್ನು ಜೋಡಿಸಿ ಹಗ್ಗದಿಂದ ಕಟ್ಟಿ ಒಣಗಿಸಿದರೆ ಅಂಚು ಸೊಟ್ಟಗಾಗುವುದಿಲ್ಲ. ಬೇಗ ಒಣಗಲೆಂದು ಒಲೆಯ ಬಳಿ ಇಟ್ಟರೆ, ಅತಿಯಾದ ಬಿಸಿಗೆ ಪ್ಲಾಸ್ಟರ್ ತನ್ನ ಬಿಗಿ ಕಳೆದುಕೊಂಡು ಪುಡಿಯಾಗತೊಡಗುತ್ತದೆ.

ದೊಡ್ಡ ತಲೆಗೆ ಕಾಗದದಷ್ಟು ಹಗುರವೂ ಅಗ್ಗವೂ ಆದ ವಸ್ತು ಬೇರಿಲ್ಲ. ಮೊದಲ ಪದರದ ಕಾಗದವನ್ನು ಅಂಟು ಹಾಕದೆ ಬರಿಯ ನೀರಿನಲ್ಲಿ ನೆನೆಸಿ ಅಚ್ಚಿಗೆ ಒತ್ತಬೇಕು. ಆಮೇಲಿನ ಆರೆಂಟು ಪದರಗಳಿಗೆ ಮೈದಾ ಅಂಟು ಹಚ್ಚಿ, ಒಂದು ಪದರ ಪತ್ರಿಕೆಯ ಕಾಗದ, ಮತ್ತೊಂದು ಕಂದು ಕಾಗದ ಎಂಬಂತೆ ಇಟ್ಟರೆ ಎಲ್ಲಿ ಪದರ ತಪ್ಪಿದೆಯೆಂದು ಕಣ್ಣಿಗೇ ತಿಳಿಯುತ್ತದೆ. ಕಾಗದವನ್ನು ಕತ್ತರಿಸದೆ ಹರಿಯಬೇಕು. ಹರಿದ ಅಂಚು ಮೆತ್ತಗೆ ಕೂತು ಗೆರೆ ಉಳಿಯುವುದಿಲ್ಲ. ಹುಳ ಹಿಡಿಯದಂತೆ ಅಂಟಿಗೆ ಚಿಟಿಕೆ ಮೈಲುತುತ್ತು ಸೇರಿಸುವುದುಂಟು. ಅದು ವಿಷವಾದುದರಿಂದ ವೇಷಧಾರಿಯ ಮುಖ ತಾಗುವ ಒಳಪದರಕ್ಕೆ ಸೇರಿಸಬಾರದು.

ಮಾತಿನೊಂದಿಗೆ ಅಲುಗಬೇಕಾದ ಕೆಳದವಡೆ, ತುಟಿ ಇವುಗಳನ್ನು ರಬ್ಬರಿನಲ್ಲಿ ಮಾಡುವುದು ಲೇಸು. ಜಿಲ್ಲೆಯ ಮೂಡಣ ಭಾಗದಲ್ಲಿ ರಬ್ಬರ್ ತೋಟಗಳು ಬೇಕಾದಷ್ಟಿದ್ದರೂ ಮರದಿಂದ ಇಳಿಸಿದ ಹಸಿ ಹಾಲು ಈ ಕೆಲಸಕ್ಕೆ ಒದಗದು. ಒಣಗಿದ ಮೇಲೂ ಅದರ ಅಂಟು ಹೋಗುವುದಿಲ್ಲ, ಎಳೆದರೆ ಹಿಂದಿನ ಆಕಾರಕ್ಕೆ ಬರುವುದಿಲ್ಲ. ಅಮೋನಿಯಾ ಸೇರಿಸಿ, ಮೊದಲೇ ವಲ್ಕನೀಕರಿಸಿ, ಅಂದರೆ ಎಳೆದರೂ ಮೊದಲಿನ ಆಕಾರಕ್ಕೆ ಬರುವಂತೆ ಹದಗೊಳಿಸಿ, ಮಾರುವ ಮಂದವಾದ ರಬ್ಬರ್ ಹಾಲನ್ನೇ (ಲ್ಯಾಟೆಕ್ಸ್) ಕೊಳ್ಳಬೇಕು. ಅಚ್ಚಿಗೆ ಸುರಿದಾಗ ಪ್ಲಾಸ್ಟರ್ ಅದರ ನೀರನ್ನು ಹೀರುವುದರಿಂದ ಅಚ್ಚಿನ ಗೋಡೆಗೆ ರಬ್ಬರಿನ ಪದರ ಕಟ್ಟುತ್ತದೆ. ಹಾಗಾಗಿ ಅಚ್ಚಿಗೆ ಎಣ್ಣೆ, ವ್ಯಾಸಲೀನ್ ಸವರಲೇಬಾರದು. ಬಿಡಿಸುವ ಮುನ್ನ ಟಾಲ್ಕಂ ಪೌಡರ್ ಉದುರಿಸದಿದ್ದರೆ ಪದರ ತನಗೆ ತಾನೇ ಅಂಟಿಕೊಂಡು ಹಾಳಾಗುತ್ತದೆ. ಇನ್ನೊಂದು ಎಚ್ಚರ ನಮ್ಮೂರಿನವರಿಗೇ ಮೀಸಲು: ತಾಮ್ರ ರಬ್ಬರಿನ ಆಯುಷ್ಯವನ್ನು ತಿಂದುಹಾಕುತ್ತದೆ. ಅಡಕೆಗೆ ಬಿಡುವ, ತಾಮ್ರದ ಅಂಶವುಳ್ಳ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಕಲಸಿದ ಬಕೆಟ್ಟು, ತಾಮ್ರದ ಚೊಂಬು, ಹಿತ್ತಾಳೆಯ ಸೌಟು ಯಾವುದೂ ಲ್ಯಾಟೆಕ್ಸಿನ ಹತ್ತಿರ ಸುಳಿಯಬಾರದು.

ಬೆಲೆ ಕಟ್ಟುವಾಗ ಅಚ್ಚಿನ ಖರ್ಚನ್ನು ಮರೆಯುವವರೇ ಹೆಚ್ಚು. ಉದಾಹರಣೆಗೆ, ಕೂಲಿಯೂ ಸೇರಿ ಅಚ್ಚಿಗೆ 9,000 ರೂಪಾಯಿ ಬಿದ್ದು, ಅದರಿಂದ 15 ತಲೆ ಮಾತ್ರ ತೆಗೆಯುವುದೆಂದು ಇಟ್ಟುಕೊಂಡರೆ, ಪ್ರತಿಯೊಂದು ತಲೆಯ ಮೇಲೂ 600 ರೂಪಾಯಿ ಹೇರಬೇಕು. ಅದಕ್ಕೆ ಸಾಮಗ್ರಿ, ಬಣ್ಣ, ತಮ್ಮ ದುಡಿಮೆ ಸೇರಿಸಿದ ಮೊತ್ತ ಎಂಟು ಹತ್ತು ಬಾಡಿಗೆಯಲ್ಲಿ ಹಿಂದಿರುಗುವಂತೆ ದರ ಇಡುವುದು ಉಚಿತ.

ಕಲೋತ್ಸವದಲ್ಲಿ ಯಕ್ಷಗಾನವೂ ಸ್ಪರ್ಧೆಯ ವಿಷಯ. ಶಾಲೆ, ಉಪಜಿಲ್ಲೆ, ಜಿಲ್ಲೆ, ರಾಜ್ಯ ಎಂಬ ಹಂತಗಳಿರುವುದರಿಂದ ಗೆದ್ದ ತಂಡ ಮುಂದಿನ ಹಂತಕ್ಕೂ ಅದೇ ವೇಷ ಕೇಳುತ್ತದೆ. ಮುಂದಿನ ದಿನಾಂಕವನ್ನು ಅವರಿಗೆ ಷರತ್ತಿನ ಮೇಲೆ ಕಾದಿರಿಸಿ, ಫಲಿತಾಂಶದ ಮರುದಿನ ಸಂಜೆಯೊಳಗೆ ಖಚಿತಪಡಿಸದಿದ್ದರೆ ಬೇರೆಯವರಿಗೆ ಕೊಡುವುದೆಂದು ಚೀಟಿಯಲ್ಲೇ ಬರೆದಿರಬೇಕು. ದೀಪಾವಳಿಯಿಂದ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯವರೆಗೆ ಯಕ್ಷಗಾನ ಆಟಗಳ ಕಾಲವಾದ್ದರಿಂದ ದುರಸ್ತಿಗೂ ಬಣ್ಣಕ್ಕೂ ಮಳೆಗಾಲವನ್ನು ಮೀಸಲಿಡಬೇಕು. ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿನ ಕಡೆಗೆ ಸರಕು ಮಾರುವುದು ಅಂತರರಾಜ್ಯ ವ್ಯಾಪಾರವಾಗುತ್ತದೆ. ಅದಕ್ಕೆ ಜಿಎಸ್‌ಟಿ ನಿಯಮ ಊರೊಳಗಿನ ವ್ಯಾಪಾರದಂತಿಲ್ಲವಾದ್ದರಿಂದ ಮೊದಲೇ ತೆರಿಗೆ ಸಲಹೆಗಾರರನ್ನು ಕೇಳಿಕೊಳ್ಳಬೇಕು.

ಠೇವಣಿಯಿಲ್ಲದೆ, ಎಷ್ಟೇ ಪರಿಚಯದವರಾದರೂ, ತಲೆಯನ್ನು ಹೊರಗೆ ಕೊಡಬಾರದು. ಕೊಡುವಾಗ ನಾಲ್ಕು ಬದಿಯ ಫೋಟೊ ತೆಗೆದಿಟ್ಟು, ಮರಳಿ ಬಂದಾಗ ತಂದವರ ಎದುರಿನಲ್ಲೇ ಹೋಲಿಸಿ ನೋಡಬೇಕು. ಮೂಗಿನ ತುದಿ ಮತ್ತು ಕಿವಿಯ ಬುಡ ಮೊದಲು ಪೆಟ್ಟು ತಿನ್ನುವ ಜಾಗಗಳು. ಒಳಗಿನ ಬಟ್ಟೆಯನ್ನು ಗುಂಡಿ ಹಾಕಿ ಕೂರಿಸಿದ್ದರೆ ಬಿಚ್ಚಿ ಒಗೆಯಬಹುದು. ತಲೆಯನ್ನು ಒಂದು ದಿನ ಗಾಳಿಗಿಟ್ಟು ಬೆವರಿನ ತೇವ ಆರಿದ ಮೇಲೆಯೇ ಪೆಟ್ಟಿಗೆಗೆ ಸೇರಿಸಬೇಕು.