ಮಾಲು ಕೊಡುವ ಮುನ್ನ ಲೆಕ್ಕ ನೋಡಿ: ಕಂಪನಿ ದಿವಾಳಿಯ ಕಡೆ ವಾಲಿದೆಯೇ ಎಂದು ತಿಳಿಯುವುದು ಹೇಗೆ?

ಕಂಪನಿಯೊಂದು ಮುಳುಗಿ ಅದರ ಆಸ್ತಿ ಮಾರಾಟವಾದರೆ ಯಾರಿಗೆ ಮೊದಲು ಹಣ, ಯಾರಿಗೆ ಆಮೇಲೆ ಎಂಬ ಸರದಿಯನ್ನು 2016ರ ದಿವಾಳಿ ಸಂಹಿತೆಯ 53ನೇ ಸೆಕ್ಷನ್ ಬರೆದಿಟ್ಟಿದೆ. ಮೊದಲು ಪ್ರಕ್ರಿಯೆಯ ಖರ್ಚು. ಬಳಿಕ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನ ಇಟ್ಟುಕೊಂಡ ಬ್ಯಾಂಕುಗಳು. ಆಮೇಲೆ ಉಳಿದ ನೌಕರರ 12 ತಿಂಗಳ ಬಾಕಿ, ಅಡಮಾನವಿಲ್ಲದೆ ಸಾಲ ಕೊಟ್ಟವರು, ಸರ್ಕಾರ. ಮಂಗಳೂರಿನ ಬೈಕಂಪಾಡಿಯಿಂದ ರಟ್ಟಿನ ಪೆಟ್ಟಿಗೆ ಕಳುಹಿಸಿ ಎರಡು ತಿಂಗಳ ಕ್ರೆಡಿಟ್ ಕೊಟ್ಟವರು ನಿಲ್ಲುವುದು ಇವರೆಲ್ಲರ ಹಿಂದೆ. ಅವರಿಗಿಂತ ಹಿಂದೆ ಇರುವವರೆಂದರೆ ಷೇರುದಾರರು ಮಾತ್ರ. ಮೇಲಾಗಿ 2020ರ ಮಾರ್ಚ್‌ನಿಂದ 1 ಕೋಟಿ ರೂಪಾಯಿಗಿಂತ ಕಡಿಮೆ ಬಾಕಿಗೆ ದಿವಾಳಿ ಅರ್ಜಿ ಹಾಕುವಂತಿಲ್ಲ. 12 ಲಕ್ಷದ ಬಿಲ್ ಹಿಡಿದುಕೊಂಡು ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಿ ಪ್ರಯೋಜನವಿಲ್ಲ.

ಹಾಗಾಗಿ ಲೆಕ್ಕ ಹಾಕಬೇಕಾದ್ದು ಮಾಲು ಲಾರಿ ಹತ್ತುವ ಮೊದಲು. ಕಂಪನಿ ಬೀಳುವುದು ನಷ್ಟ ಬಂದ ವರ್ಷವಲ್ಲ, ಕೊಡಬೇಕಾದ ಹಣ ಕೊಡಲಾಗದ ದಿನ. ನಷ್ಟದಲ್ಲೇ ವರ್ಷಗಟ್ಟಲೆ ಉಸಿರಾಡುವ ಕಂಪನಿಗಳುಂಟು, ಲಾಭ ತೋರಿಸುತ್ತಲೇ ಬಾಗಿಲು ಹಾಕಿದವೂ ಉಂಟು. ಕೆಳಗಿನ ಪ್ರತಿ ಹೆಜ್ಜೆಯಲ್ಲೂ ಹುಡುಕುವುದು ಒಂದೇ: ನಗದು ಎಲ್ಲಿ ಸಿಕ್ಕಿಹಾಕಿಕೊಂಡಿದೆ?

ಲೆಕ್ಕಕ್ಕೆ ಒಂದು ಕಾಲ್ಪನಿಕ ಕಂಪನಿ ಇಟ್ಟುಕೊಳ್ಳೋಣ. ಕಾರ್ಕಳ ಕಡೆಯ ಗೇರುಬೀಜ ಫ್ಯಾಕ್ಟರಿ, ಪ್ರೈವೇಟ್ ಲಿಮಿಟೆಡ್. ವರ್ಷದ ಮಾರಾಟ 72 ಕೋಟಿ, ತೆರಿಗೆ ಕಳೆದು ಲಾಭ 20 ಲಕ್ಷ. ಲಾಭ ಉಂಟಲ್ಲ ಎಂದು ಸಮಾಧಾನಪಡುವ ಮೊದಲು ಮುಂದೆ ಓದಿ.

ಹೆಜ್ಜೆ 1: ಕಾಗದ ಸಂಗ್ರಹಿಸಿ

ಷೇರುಪೇಟೆಯಲ್ಲಿರುವ ಕಂಪನಿಯಾದರೆ ವಾರ್ಷಿಕ ವರದಿ ಬಿಎಸ್‌ಇ, ಎನ್‌ಎಸ್‌ಇ ತಾಣಗಳಲ್ಲಿ ಪುಕ್ಕಟೆ ಸಿಗುತ್ತದೆ. ಪ್ರೈವೇಟ್ ಕಂಪನಿಯಾದರೆ ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ತಾಣದಲ್ಲಿ 100 ರೂಪಾಯಿ ಕಟ್ಟಿ ಅದು ಸಲ್ಲಿಸಿದ ಕಾಗದಗಳನ್ನು ನೋಡಬಹುದು. ಹುಡುಕಬೇಕಾದ್ದು ವರ್ಷದ ಲೆಕ್ಕಪತ್ರ ಸಲ್ಲಿಸುವ ಎಒಸಿ-4 ನಮೂನೆ. ಯಾವ ಬ್ಯಾಂಕಿಗೆ ಏನನ್ನು ಅಡವಿಟ್ಟಿದ್ದಾರೆ ಎಂಬ ಚಾರ್ಜ್ ಪಟ್ಟಿಗೆ ದುಡ್ಡೇ ಬೇಡ. ಕನಿಷ್ಠ ಮೂರು ವರ್ಷದ ಲೆಕ್ಕ ತೆಗೆಯಿರಿ. ಒಂದೇ ವರ್ಷದ ಅನುಪಾತ ಹೆಚ್ಚೇನೂ ಹೇಳುವುದಿಲ್ಲ.

ಪಾಲುದಾರಿಕೆ ಸಂಸ್ಥೆಯಾದರೆ ಈ ದಾರಿ ಇಲ್ಲ, ಅವರನ್ನೇ ಕೇಳಬೇಕು. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಎಂಬ ಸಂಕೋಚ ನಮ್ಮೂರಿನ ವ್ಯಾಪಾರದಲ್ಲಿ ಸ್ವಲ್ಪ ಜಾಸ್ತಿಯೇ. ಬ್ಯಾಂಕಿಗೆ ಕೊಡುವ ಬ್ಯಾಲೆನ್ಸ್ ಶೀಟನ್ನು 15 ಲಕ್ಷದ ಮಾಲು ಸಾಲವಾಗಿ ಕೊಡುವವರಿಗೆ ಯಾಕೆ ತೋರಿಸಬಾರದು ಮಾರಾಯ್ರೆ?

ಹೆಜ್ಜೆ 2: ಅಂಕಿಗಿಂತ ಮೊದಲು ಆಡಿಟರ್ ವರದಿ

ಅಧ್ಯಕ್ಷರ ಭಾಷಣ, ಬಣ್ಣದ ಚಿತ್ರ ಎಲ್ಲ ದಾಟಿ ನೇರ ಆಡಿಟರ್ ವರದಿಗೆ ಹೋಗಿ. ಅದರ ಜತೆಗಿರುವ ಅನುಬಂಧವನ್ನು ಕ್ಯಾರೋ ಎನ್ನುತ್ತಾರೆ. 2020ರ ಕ್ಯಾರೋ ಆದೇಶದ 19ನೇ ಅಂಶ ನಮ್ಮ ಪ್ರಶ್ನೆಯನ್ನೇ ಕೇಳುತ್ತದೆ: ಅನುಪಾತಗಳು, ಬಾಕಿಗಳ ವಯಸ್ಸು ಇವನ್ನೆಲ್ಲ ನೋಡಿದರೆ, ಮುಂದಿನ ಒಂದು ವರ್ಷದೊಳಗೆ ಕೊಡಬೇಕಾದ್ದನ್ನು ಕೊಡುವ ಶಕ್ತಿ ಕಂಪನಿಗೆ ಇದೆಯೇ? 7ನೇ ಅಂಶದಲ್ಲಿ ಪಿಎಫ್, ಜಿಎಸ್‌ಟಿ ಬಾಕಿ, 9ನೇ ಅಂಶದಲ್ಲಿ ಬ್ಯಾಂಕ್ ಸಾಲದ ಕಂತು ತಪ್ಪಿದ್ದರೆ ಅದರ ವಿವರ. ನೌಕರರ ಸಂಬಳದಿಂದ ಹಿಡಿದ ಪಿಎಫ್ ಹಣವನ್ನೇ ಕಟ್ಟದ ಕಂಪನಿಗೆ ಯಾವ ಅನುಪಾತವೂ ಬೇಡ, ಅಲ್ಲಿಗೆ ಲೆಕ್ಕ ಮುಗಿಯಿತು.

ಸಣ್ಣ ಕಂಪನಿಗಳಿಗೆ ಕ್ಯಾರೋ ಅನ್ವಯಿಸುವುದಿಲ್ಲ. ಆಗ ಮುಂದಿನ ಹೆಜ್ಜೆಗಳೇ ಗತಿ.

ಹೆಜ್ಜೆ 3: ಕರೆಂಟ್ ರೇಶಿಯೊ, ಅದರ ಹಿಂದೆ ಅಡಗಿದ ದಾಸ್ತಾನು

ಒಂದು ವರ್ಷದೊಳಗೆ ನಗದಾಗುವ ಆಸ್ತಿಯನ್ನು ಒಂದು ವರ್ಷದೊಳಗೆ ಕೊಡಬೇಕಾದ ಬಾಕಿಯಿಂದ ಭಾಗಿಸಿದರೆ ಕರೆಂಟ್ ರೇಶಿಯೊ. ನಮ್ಮ ಫ್ಯಾಕ್ಟರಿಯಲ್ಲಿ ಆಸ್ತಿ 40 ಕೋಟಿ, ಬಾಕಿ 36 ಕೋಟಿ. ಅಂದರೆ 1.11. ಹಿಂದಿನ ವರ್ಷ 32 ಕೋಟಿಗೆ 25 ಕೋಟಿ, ಅಂದರೆ 1.28. ದುಡಿಯುವ ಬಂಡವಾಳದ ಸಾಲ ಕೊಡುವಾಗ ನಮ್ಮ ಬ್ಯಾಂಕುಗಳು ಬಹುಕಾಲದಿಂದ ಬಯಸುತ್ತ ಬಂದ ಮಟ್ಟ 1.33. 1975ರ ಟಂಡನ್ ಸಮಿತಿಯ ಎರಡನೇ ವಿಧಾನದಿಂದ ಬಂದ ಅಂಕಿ ಅದು.

ಇನ್ನು ಆ 40 ಕೋಟಿಯನ್ನು ಬಿಡಿಸಿ ನೋಡಿ. 26 ಕೋಟಿ ದಾಸ್ತಾನು, 12 ಕೋಟಿ ಗಿರಾಕಿಗಳಿಂದ ಬರಬೇಕಾದ್ದು, ಕೈಯಲ್ಲಿರುವ ನಗದು 1 ಕೋಟಿ, ಇತರೆ 1 ಕೋಟಿ. ದಾಸ್ತಾನು ಬಿಟ್ಟು ಲೆಕ್ಕ ಹಾಕಿದರೆ ಕ್ವಿಕ್ ರೇಶಿಯೊ 0.39ಕ್ಕೆ ಇಳಿಯುತ್ತದೆ. ಗೋದಾಮಿನಲ್ಲಿರುವ ಕಚ್ಚಾ ಬೀಜವನ್ನು ಆಫ್ರಿಕಾದಿಂದ ದುಬಾರಿ ದರಕ್ಕೆ ತರಿಸಿದ್ದು, ಈಗ ತಿರುಳಿನ ದರ ಇಳಿದಿದ್ದರೆ ಆ 26 ಕೋಟಿ ಕಾಗದದ ಮೇಲೆ ಮಾತ್ರ 26 ಕೋಟಿ.

ಮಾರ್ಚ್ 31ರ ಲೆಕ್ಕ ಎಂಬುದನ್ನೂ ಮರೆಯಬಾರದು. ಹೊರಗೆ ಶೃಂಗಾರ, ಒಳಗೆ ಗೋಳಿಸೊಪ್ಪು ಎಂಬ ಮಾತು ಆ ಒಂದು ದಿನಕ್ಕೆ ಚೆನ್ನಾಗಿ ಒಪ್ಪುತ್ತದೆ. ವರ್ಷಾಂತ್ಯಕ್ಕೆ ಓಡಿ (ಓವರ್‌ಡ್ರಾಫ್ಟ್) ಖಾತೆಗೆ ಹಣ ತುಂಬಿ ಏಪ್ರಿಲ್ ಮೊದಲ ವಾರದಲ್ಲಿ ಮತ್ತೆ ತೆಗೆದರೆ ಅನುಪಾತ ಚಂದ ಕಾಣಿಸುತ್ತದೆ. ನಮ್ಮ ಕರಾವಳಿಯಲ್ಲಿ ಋತುವಿನ ಕಾಟ ಬೇರೆ. ಮೀನಿನ ಹುಡಿ ಫ್ಯಾಕ್ಟರಿಯ ಅಥವಾ ಮಂಜುಗಡ್ಡೆ ಘಟಕದ ನಿಜವಾದ ಪರೀಕ್ಷೆ ಮಾರ್ಚ್‌ನಲ್ಲಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ಮೀನುಗಾರಿಕೆ ನಿಷೇಧದಲ್ಲಿ. ಆ ಎರಡು ತಿಂಗಳು ಯಾಂತ್ರಿಕ ಬೋಟು ಕಡಲಿಗಿಳಿಯುವುದಿಲ್ಲ, ಬ್ಯಾಂಕಿನ ಬಡ್ಡಿ ಮಾತ್ರ ಏರುತ್ತಲೇ ಇರುತ್ತದೆ.

ಹೆಜ್ಜೆ 4: ಬಡ್ಡಿ ಕಟ್ಟುವಷ್ಟಾದರೂ ದುಡಿಯುತ್ತಿದೆಯೇ?

ನನಗೆ ಒಂದೇ ಒಂದು ಅನುಪಾತ ನೋಡಲು ಬಿಟ್ಟರೆ ನಾನು ನೋಡುವುದು ಇಲ್ಲಿ.

ಬಡ್ಡಿ ಮತ್ತು ತೆರಿಗೆಗೆ ಮೊದಲಿನ ಲಾಭ 3.6 ಕೋಟಿ, ಬಡ್ಡಿ 3.3 ಕೋಟಿ. ಬಡ್ಡಿ ಕವರೇಜ್ 1.09. ಹಿಂದಿನ ವರ್ಷ 4.2 ಕೋಟಿ ಲಾಭಕ್ಕೆ 2.4 ಕೋಟಿ ಬಡ್ಡಿ, ಅಂದರೆ 1.75. ಒಂದೇ ವರ್ಷದಲ್ಲಿ ಇಷ್ಟು ಇಳಿದಿದೆ. ಫ್ಯಾಕ್ಟರಿ ಇಡೀ ವರ್ಷ ಸುಟ್ಟು, ಸುಲಿದು, ಆರಿಸಿ ಗಳಿಸಿದ್ದರಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಬ್ಯಾಂಕಿಗೆ ಹೋಯಿತು.

ಬಡ್ಡಿಯ ಜತೆ ಅಸಲಿನ ಕಂತೂ ಉಂಟಲ್ಲ. ಅದನ್ನು ಸೇರಿಸಿ ಲೆಕ್ಕ ಹಾಕುವುದಕ್ಕೆ ಬ್ಯಾಂಕಿನವರು ಡಿಎಸ್‌ಸಿಆರ್ ಎನ್ನುತ್ತಾರೆ. ನಿವ್ವಳ ಲಾಭ 0.2, ಸವಕಳಿ 1.6, ಬಡ್ಡಿ 3.3, ಒಟ್ಟು 5.1 ಕೋಟಿ. ಸವಕಳಿಯನ್ನು ಕೂಡಿಸುವುದೇಕೆಂದರೆ ಅದು ಪುಸ್ತಕದ ಖರ್ಚು, ಕೈಯಿಂದ ಹೋಗುವ ಹಣವಲ್ಲ. ಇನ್ನೊಂದು ಕಡೆ ಕಟ್ಟಬೇಕಾದ್ದು ಬಡ್ಡಿ 3.3, ಕಂತು 3, ಒಟ್ಟು 6.3 ಕೋಟಿ. ಡಿಎಸ್‌ಸಿಆರ್ 0.81. ಒಂದಕ್ಕಿಂತ ಕಡಿಮೆ ಎಂದರೆ ದುಡಿದದ್ದರಲ್ಲಿ ಸಾಲದ ಕಂತು ತೀರುವುದಿಲ್ಲ; ಕೊರತೆ ಬಿದ್ದ 1.2 ಕೋಟಿ ಎಲ್ಲಿಂದಲೋ ಬರಬೇಕು. ಹೊಸ ಸಾಲದಿಂದ, ಮಾಲೀಕರ ಜಾಗ ಮಾರಿ, ಅಥವಾ ಮಾಲು ಕೊಟ್ಟವರಿಗೆ ತಡಮಾಡಿ. ಮೂರನೆಯದೇ ಎಲ್ಲಕ್ಕಿಂತ ಸುಲಭ, ಅದಕ್ಕೆ ಅರ್ಜಿ ಹಾಕಬೇಕಾಗಿಲ್ಲ.

ಕಂತು 90 ದಿನ ಮೀರಿದರೆ ಬ್ಯಾಂಕ್ ಆ ಸಾಲವನ್ನು ಎನ್‌ಪಿಎ, ಅಂದರೆ ಕೆಟ್ಟ ಸಾಲ ಎನ್ನುತ್ತದೆ. ಅದು ನಿಮ್ಮ ಕಿವಿಗೆ ಬೀಳುವ ಹೊತ್ತಿಗೆ ಗೋದಾಮಿಗೆ ಬ್ಯಾಂಕಿನ ಬೀಗ ಬಿದ್ದಿರಬಹುದು.

ಹೆಜ್ಜೆ 5: ದಿನಗಳನ್ನು ಎಣಿಸಿ

ದಾಸ್ತಾನನ್ನು ಮಾರಿದ ಮಾಲಿನ ವೆಚ್ಚದಿಂದ ಭಾಗಿಸಿ 365ರಿಂದ ಗುಣಿಸಿ. 26 ಭಾಗ 65 ಕೋಟಿ, ಅಂದರೆ 146 ದಿನ. ಹಿಂದಿನ ವರ್ಷ 122. ಬರಬೇಕಾದ ಬಾಕಿಯನ್ನು ಮಾರಾಟದಿಂದ ಭಾಗಿಸಿದರೆ ಈ ವರ್ಷ 61 ದಿನ, ಹಿಂದೆ 49. ಮಾರಾಟ 67ರಿಂದ 72 ಕೋಟಿಗೆ ಏರಿದ್ದು ನಿಜ. ಆದರೆ ಮಾಲು ಹೆಚ್ಚು ದಿನ ಗೋದಾಮಿನಲ್ಲಿದೆ, ಗಿರಾಕಿ ಹೆಚ್ಚು ದಿನ ಕಾಯಿಸುತ್ತಿದ್ದಾನೆ.

ಸಣ್ಣ ಕಂಪನಿಗಳು ನಗದು ಹರಿವಿನ ಪಟ್ಟಿ ಕೊಡಬೇಕಾಗಿಲ್ಲ. ಎರಡು ವರ್ಷದ ಬ್ಯಾಲೆನ್ಸ್ ಶೀಟ್ ಇದ್ದರೆ ನೀವೇ ಅಂದಾಜು ಹಾಕಬಹುದು. ಬಡ್ಡಿ, ಸವಕಳಿಗೆ ಮೊದಲಿನ ಗಳಿಕೆ 5.2 ಕೋಟಿ. ದಾಸ್ತಾನು 20ರಿಂದ 26ಕ್ಕೆ ಏರಿತು, 6 ಕಳೆಯಿರಿ. ಬರಬೇಕಾದ್ದು 9ರಿಂದ 12ಕ್ಕೆ, 3 ಕಳೆಯಿರಿ. ಮಾಲು ಕೊಟ್ಟವರ ಬಾಕಿ 5.5ರಿಂದ 9ಕ್ಕೆ ಏರಿತು, 3.5 ಕೂಡಿಸಿ. ತೆರಿಗೆ 0.1 ಕಳೆಯಿರಿ. ಉಳಿದದ್ದು ಮೈನಸ್ 40 ಲಕ್ಷ. 20 ಲಕ್ಷ ಲಾಭ ತೋರಿಸಿದ ಕಂಪನಿಯ ವ್ಯವಹಾರದಿಂದ ಒಂದು ರೂಪಾಯಿಯೂ ಹೊರಬರಲಿಲ್ಲ, ಬಡ್ಡಿಯ ಮಾತು ಆಮೇಲಿನದು. ಆ 3.5 ಕೋಟಿಯನ್ನು ಇನ್ನೊಮ್ಮೆ ನೋಡಿ. ಅದು ರಟ್ಟಿನ ಪೆಟ್ಟಿಗೆಯವರ, ಬೀಜದ ವ್ಯಾಪಾರಿಯ, ಲಾರಿಯವರ ದುಡ್ಡು.

ಅಮೆರಿಕದ ವಿಲಿಯಂ ಬೀವರ್ 1966ರಲ್ಲಿ, ಸೋತ 79 ಕಂಪನಿಗಳನ್ನು ಅಷ್ಟೇ ಸಂಖ್ಯೆಯ ಸೋಲದ ಕಂಪನಿಗಳ ಜತೆ ಹೋಲಿಸಿದಾಗ, ಒಂಟಿ ಅನುಪಾತಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಮುನ್ಸೂಚನೆ ಕೊಟ್ಟದ್ದು ನಗದು ಗಳಿಕೆ ಮತ್ತು ಒಟ್ಟು ಹೊಣೆಯ ಅನುಪಾತ. ಲಾಭಕ್ಕೆ ಸವಕಳಿ ಕೂಡಿಸಿ ಒಟ್ಟು ಹೊಣೆಯಿಂದ (ಸಾಲ, ಬಾಕಿ ಎಲ್ಲ ಸೇರಿ) ಭಾಗಿಸಬೇಕು. ನಮ್ಮಲ್ಲಿ 1.8 ಭಾಗ 47 ಕೋಟಿ, ಶೇ 4ಕ್ಕೂ ಕಡಿಮೆ. ಇದೇ ವೇಗದಲ್ಲಿ ಹೊಣೆ ತೀರಲು 26 ವರ್ಷ ಬೇಕು.

ಹೆಜ್ಜೆ 6: ಸಾಲ ಮತ್ತು ಸ್ವಂತ ಹಣ

ಇದು ಬೇಗ ಮುಗಿಯುತ್ತದೆ. ಸಾಲ 36 ಕೋಟಿ, ಸ್ವಂತ ಬಂಡವಾಳ ಮತ್ತು ಮೀಸಲು ಸೇರಿ 13 ಕೋಟಿ, ಅನುಪಾತ 2.77. ಆ 13 ಕೋಟಿಯಲ್ಲಿ ಜಾಗದ ಬೆಲೆ ಮರುಲೆಕ್ಕ ಹಾಕಿ ಉಬ್ಬಿಸಿದ್ದೆಷ್ಟು, ಮಾಲೀಕರ ಇನ್ನೊಂದು ಕಂಪನಿಗೆ ಸಾಲವಾಗಿ ಹೋದದ್ದೆಷ್ಟು ಎಂದು ಟಿಪ್ಪಣಿಗಳಲ್ಲಿ ಹುಡುಕಿ ಕಳೆಯಿರಿ. ಉಳಿದದ್ದೇ ನಿಜವಾದ ನೆಟ್‌ವರ್ತ್.

ಹೆಜ್ಜೆ 7: ಆಲ್ಟ್‌ಮನ್ ಝಡ್ ಸ್ಕೋರ್

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಎಡ್ವರ್ಡ್ ಆಲ್ಟ್‌ಮನ್ 1968ರಲ್ಲಿ 66 ಉತ್ಪಾದನಾ ಕಂಪನಿಗಳ ಲೆಕ್ಕದಿಂದ ಐದು ಅನುಪಾತಗಳನ್ನು ಒಂದೇ ಅಂಕಿಗೆ ಇಳಿಸಿದರು. ಮೂಲ ಸೂತ್ರಕ್ಕೆ ಷೇರಿನ ಮಾರುಕಟ್ಟೆ ಬೆಲೆ ಬೇಕು. ಪೇಟೆಯಲ್ಲಿಲ್ಲದ ಕಂಪನಿಗೆ ಅವರೇ ಆಮೇಲೆ ಬೇರೆ ಗುಣಕ ಕೊಟ್ಟರು. ಆ ಪ್ರಕಾರ ಒಟ್ಟು ಆಸ್ತಿ 60 ಕೋಟಿ ಇಟ್ಟುಕೊಂಡು:

ದುಡಿಯುವ ಬಂಡವಾಳ (40ರಲ್ಲಿ 36 ಕಳೆದು) 4 ಭಾಗ 60, ಗುಣಿಸು 0.717 = 0.05
ಕೂಡಿಟ್ಟ ಲಾಭ 8 ಭಾಗ 60, ಗುಣಿಸು 0.847 = 0.11
ಬಡ್ಡಿ, ತೆರಿಗೆಗೆ ಮೊದಲಿನ ಲಾಭ 3.6 ಭಾಗ 60, ಗುಣಿಸು 3.107 = 0.19
ನೆಟ್‌ವರ್ತ್ 13 ಭಾಗ ಒಟ್ಟು ಹೊಣೆ 47, ಗುಣಿಸು 0.420 = 0.12
ಮಾರಾಟ 72 ಭಾಗ 60, ಗುಣಿಸು 0.998 = 1.20

ಕೂಡಿದರೆ ಸುಮಾರು 1.66. 2.9ಕ್ಕಿಂತ ಮೇಲಿದ್ದರೆ ಸುರಕ್ಷಿತ, 1.23ಕ್ಕಿಂತ ಕೆಳಗಿದ್ದರೆ ಅಪಾಯ, ನಡುವಿನದು ಹೇಳಲಾಗದ ವಲಯ. ನಮ್ಮ ಕಂಪನಿ ನಡುವೆ ಕೂತಿದೆ. ಆದರೆ 1.66ರಲ್ಲಿ 1.20 ಬಂದದ್ದು ಬರೀ ಮಾರಾಟದಿಂದ! ಗೇರುಬೀಜದಂಥ ವ್ಯವಹಾರದಲ್ಲಿ ಕಚ್ಚಾ ಬೀಜ, ತಿರುಳಿನ ದರ ಏರಿದರೆ ಒಂದು ಕಿಲೋ ಹೆಚ್ಚು ಮಾರದೆಯೂ ಮಾರಾಟದ ರೂಪಾಯಿ ಏರುತ್ತದೆ, ಸ್ಕೋರ್ ಸುಧಾರಿಸುತ್ತದೆ. ಹಾಗಾಗಿ ಮೊತ್ತಕ್ಕಿಂತ ಮೊದಲ ನಾಲ್ಕು ಸಾಲುಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಎಲ್ಲಿ ಈ ಲೆಕ್ಕ ನಡೆಯದು

ಬ್ಯಾಂಕುಗಳಿಗೆ ನಡೆಯದು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯ, ಕರ್ಣಾಟಕ ಬ್ಯಾಂಕುಗಳು ಹುಟ್ಟಿದ ಈ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬ್ಯಾಂಕ್ ಷೇರು ಇಟ್ಟುಕೊಂಡ ಮನೆಗಳು ಸಾಕಷ್ಟು. ಬ್ಯಾಂಕಿಗೆ ಸಾಲವೇ ಕಚ್ಚಾಮಾಲು. ಅಲ್ಲಿ ನೋಡಬೇಕಾದ್ದು ಬಂಡವಾಳ ಸಮರ್ಪಕತೆ (ಕೊಟ್ಟ ಸಾಲದ ಅಪಾಯಕ್ಕೆ ಹೋಲಿಸಿದರೆ ಸ್ವಂತ ಬಂಡವಾಳ ಎಷ್ಟು) ಮತ್ತು ನಿವ್ವಳ ಎನ್‌ಪಿಎ.

ಹಿಂದೆ ಯಾರಿದ್ದಾರೆ ಎಂಬುದೂ ಅನುಪಾತದಲ್ಲಿ ಕಾಣುವುದಿಲ್ಲ. ಸುರತ್ಕಲ್ ಬಳಿಯ ತೈಲ ಸಂಸ್ಕರಣಾ ಕಂಪನಿ ಎಂಆರ್‌ಪಿಎಲ್ ಎರಡು ಸಾವಿರದ ಇಸವಿಯ ಆರಂಭದಲ್ಲಿ ಸಾಲ ಮತ್ತು ನಷ್ಟದಲ್ಲಿ ಮುಳುಗಿತ್ತು. ಬರೀ ಅನುಪಾತ ನೋಡಿದವರು ಕೈಬಿಡುತ್ತಿದ್ದರು. 2003ರ ಮಾರ್ಚ್‌ನಲ್ಲಿ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ ಅದರಲ್ಲಿದ್ದ ಬಿರ್ಲಾ ಸಮೂಹದ ಪಾಲು ಕೊಂಡಿತು, ಕಥೆಯೇ ಬದಲಾಯಿತು. ಅಂಥ ಒಡೆಯ ಎಲ್ಲರಿಗೂ ಸಿಗುವುದಿಲ್ಲ.

ಈಗ ಆ ಫ್ಯಾಕ್ಟರಿಗೆ ಮಾಲು ಕೊಡಬೇಕೇ?

ಕೊಡಬಹುದು, ಆದರೆ ಹಿಂದಿನ ಷರತ್ತಿನಲ್ಲಲ್ಲ. 60 ದಿನವನ್ನು 30ಕ್ಕೆ ಇಳಿಸಿ. ಹಳೆಯ ಬಿಲ್ ತೀರದೆ ಹೊಸ ಲೋಡ್ ಬೇಡ. ಒಟ್ಟು ಬಾಕಿಗೆ ಮಿತಿ ಹಾಕಿ. ಮುಳುಗಿದರೂ ನಿಮ್ಮ ವ್ಯವಹಾರ ನಿಲ್ಲದಷ್ಟೇ ಇರಲಿ. ನೀವು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಉತ್ಪಾದಕರಾದರೆ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಒಪ್ಪಂದವಿದ್ದರೂ 45 ದಿನಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ. ಆ ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ಲಿನಲ್ಲೂ ಮುದ್ರಿಸಿ.

ಬ್ಯಾಲೆನ್ಸ್ ಶೀಟ್ ವರ್ಷಕ್ಕೊಮ್ಮೆ, ಅದೂ ತಿಂಗಳುಗಳ ಬಳಿಕ ಬರುತ್ತದೆ. ನಡುವೆ ಕಾವಲಿಗೆ ಎರಡು ಪುಕ್ಕಟೆ ದಾರಿಗಳಿವೆ. ಜಿಎಸ್‌ಟಿ ತಾಣದಲ್ಲಿ ಗಿರಾಕಿಯ ಸಂಖ್ಯೆ ಹಾಕಿದರೆ ರಿಟರ್ನ್ ಸಲ್ಲಿಸಿದ ದಿನಾಂಕಗಳು ಕಾಣುತ್ತವೆ. ಇಪಿಎಫ್‌ಒ ತಾಣದಲ್ಲಿ ಸಂಸ್ಥೆಯ ಹೆಸರು ಹುಡುಕಿದರೆ ಪಿಎಫ್ ಕಟ್ಟಿದ ತಿಂಗಳುಗಳು ಸಿಗುತ್ತವೆ. ಪ್ರತಿ ತಿಂಗಳು 20ಕ್ಕೆ ತಪ್ಪದೆ ಜಿಎಸ್‌ಟಿ ಕಟ್ಟುತ್ತಿದ್ದವರು ಒಂದು ತಿಂಗಳು 28ಕ್ಕೆ, ಮುಂದಿನ ತಿಂಗಳು ಇನ್ನೂ ತಡವಾಗಿ ಕಟ್ಟಿದರೆ, ಮುಂದಿನ ಲೋಡಿಗೆ ಅಡ್ವಾನ್ಸ್ ಕೇಳಿ.