ಊರಿನಿಂದ ಬಸ್ಸಿಗೆ ಬರುವವರು ಕಾಲೇಜಿನಲ್ಲಿ ತಮ್ಮವರನ್ನು ಕಂಡುಕೊಳ್ಳುವ ಬಗೆ

ಕಲಘಟಗಿ, ಕುಂದಗೋಳ, ನವಲಗುಂದದ ಹಳ್ಳಿಗಳಿಂದ ಹುಬ್ಬಳ್ಳಿ-ಧಾರವಾಡದ ಪದವಿ ಕಾಲೇಜುಗಳಿಗೆ ಬಸ್ ಪಾಸಿನ ಮೇಲೆ ಬಂದು ಹೋಗುವ ಅನೇಕರಿಗೆ ಕಾಲೇಜು ಕೇವಲ ಹಾಜರಿ ಹಾಕಿಸುವ ಜಾಗವಾಗಿ ಉಳಿಯುತ್ತದೆ. ಕೊನೆಯ ತರಗತಿ ಮುಗಿದೊಡನೆ ನಿಲ್ದಾಣಕ್ಕೆ ಓಡುವವರು, ಸಂಘ-ಚಟುವಟಿಕೆಗಳೆಲ್ಲ ಹಾಸ್ಟೆಲಿನವರಿಗೆ ಮೀಸಲು ಎಂದು ಬೇಗನೆ ತೀರ್ಮಾನಿಸಿಬಿಡುತ್ತಾರೆ. ಆದ್ದರಿಂದ ಮೊದಲು ತರಗತಿಗಳ ವೇಳಾಪಟ್ಟಿಯನ್ನೂ ಊರಿನ ಬಸ್ಸುಗಳ ವೇಳೆಯನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡು, ನಡುವೆ ಖಾಲಿ ಉಳಿಯುವ ತಾಸುಗಳನ್ನು ಗುರುತಿಸಿಕೊಳ್ಳಿ.

ಆ ತಾಸುಗಳಲ್ಲಿ ಗೆಳೆಯರನ್ನು ಹುಡುಕುತ್ತ ಅಲೆಯುವುದಕ್ಕಿಂತ ಏನಾದರೊಂದು ಕೆಲಸ ವಹಿಸಿಕೊಳ್ಳುವುದು ಮೇಲು. ಪರಿಚಯ ಮಾಡಿಕೊಳ್ಳಲೆಂದೇ ಹೋದವರಿಗೆ ಮಾತು ಹೊರಡುವುದಿಲ್ಲ. ಭಿತ್ತಿಪತ್ರಿಕೆಗೆ ಹಾಳೆ ಅಂಟಿಸುತ್ತ ಕುಳಿತವರಿಗೆ ಮಾತು ನಿಲ್ಲುವುದಿಲ್ಲ. ಒಬ್ಬರ ಕವಿತೆಯನ್ನು ಮತ್ತೊಬ್ಬರು ದುಂಡಗಿನ ಅಕ್ಷರದಲ್ಲಿ ನಕಲು ಮಾಡಬೇಕು, ಕಾಗುಣಿತದ ತಪ್ಪಿಗೆ ಇನ್ನೊಬ್ಬರು ಜಗಳ ತೆಗೆಯಬೇಕು, ಅಷ್ಟರಲ್ಲಿ ಯಾರದೋ ಬುತ್ತಿ ಬಿಚ್ಚಿ ರೊಟ್ಟಿ-ಶೇಂಗಾ ಚಟ್ನಿ ಕೈಯಿಂದ ಕೈಗೆ ಹೋಗಿರುತ್ತದೆ.

ಇವೆಲ್ಲಕ್ಕಿಂತ ಗಟ್ಟಿಯಾದ ದಾರಿ ರಾಷ್ಟ್ರೀಯ ಸೇವಾ ಯೋಜನೆ. 1969ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ತಾಸು ಸೇವೆ ಸಲ್ಲಿಸಬೇಕಾಗುತ್ತದೆ. ಜೊತೆಗೆ ಏಳು ದಿನಗಳ ವಿಶೇಷ ಶಿಬಿರವಿರುತ್ತದೆ. ಪ್ರಮಾಣಪತ್ರಕ್ಕಾಗಿಯೇ ಸೇರುವವರು ಬಹಳ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಳ್ಳಿಯ ಶಾಲೆಯ ಕೋಣೆಯಲ್ಲಿ ಸಾಲಾಗಿ ಮಲಗಿ, ಗಟಾರು ಬಳಿದು, ಸರದಿಯ ಮೇಲೆ ಅಡುಗೆಗೆ ನಿಂತಾಗ, ವರ್ಷವಿಡೀ ಹಿಂದಿನ ಬೆಂಚಿನಲ್ಲಿ ಸುಮ್ಮನಿದ್ದವರ ಮನೆತನ, ಊರು, ಅಡ್ಡಹೆಸರು ಎಲ್ಲವೂ ತಿಳಿದುಬಿಡುತ್ತವೆ. ಮನೆಯಲ್ಲಿ ಹೆಣ್ಣುಮಕ್ಕಳನ್ನು ಶಿಬಿರಕ್ಕೆ ಕಳಿಸಲು ಹಿಂಜರಿದರೆ, ಕಾರ್ಯಕ್ರಮಾಧಿಕಾರಿಗಳಿಂದಲೇ ತಂದೆತಾಯಿಗೆ ಫೋನ್ ಮಾಡಿಸುವುದು ಒಳ್ಳೆಯದು. ಎನ್‌ಸಿಸಿ ಸೇರುವ ಮನಸ್ಸಿದ್ದವರು ಮಾತ್ರ ಮೊದಲ ವರ್ಷದಲ್ಲೇ ವಿಚಾರಿಸಬೇಕು. ಅದರ ಎಲ್ಲಕ್ಕಿಂತ ಮೇಲಿನ 'ಸಿ' ಪ್ರಮಾಣಪತ್ರದ ಪರೀಕ್ಷೆಗೆ ಬೇಕಾದ ತರಬೇತಿಯನ್ನು ಕೊನೆಯ ವರ್ಷ ಸೇರಿ ಮುಗಿಸಲಾಗದು.

ಧಾರವಾಡದಲ್ಲೇ ಉಳಿಯುವವರಿಗೆ ಕಾಲೇಜಿನ ಹೊರಗೂ ಬಾಗಿಲುಗಳಿವೆ. 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘದ ಉಪನ್ಯಾಸಗಳಿಗೆ ಹೋದರೆ ಬೇರೆ ಕಾಲೇಜಿನವರೂ ನಿವೃತ್ತ ಮಾಸ್ತರರೂ ಸಿಗುತ್ತಾರೆ. ಎರಡು ಮೂರು ಸಲ ಮುಖ ಕಂಡ ಮೇಲೆ ಅವರೇ ಮಾತಾಡಿಸುತ್ತಾರೆ. ದಿನವೂ ಒಂದೇ ಬಸ್ಸಿಗೆ ಬರುವವರನ್ನೂ ಕಡೆಗಣಿಸಬಾರದು: ಒಬ್ಬರು ತಪ್ಪಿಸಿಕೊಂಡ ದಿನ ಮತ್ತೊಬ್ಬರ ನೋಟ್ಸ್ ಊರಿಗೆ ತಲುಪುವಂತೆ ಮಾತಾಡಿಕೊಂಡರೆ, ಅದೂ ಒಂದು ಸಂಘವೇ.

ನಿಮ್ಮ ಕಾಲೇಜಿನ ಸಾಹಿತ್ಯ ಸಂಘ ಉದ್ಘಾಟನೆಯ ದಿನ ಮಾತ್ರ ಜೀವ ತಳೆಯುವಂಥದಾಗಿದ್ದರೆ, ನಾಲ್ಕು ಜನ ಕೂಡಿ ಭಿತ್ತಿಪತ್ರಿಕೆ ನಡೆಸುತ್ತೇವೆಂದು ಕನ್ನಡ ವಿಭಾಗದ ಮುಖ್ಯಸ್ಥರಿಗೆ ಒಂದು ಅರ್ಜಿ ಕೊಡಿ. ಕಾರಿಡಾರಿನ ಒಂದು ಬೋರ್ಡು, ಡ್ರಾಯಿಂಗ್ ಶೀಟು, ಒಂದು ಡಬ್ಬಿ ಗುಂಡುಪಿನ್ನು, ಇಷ್ಟನ್ನೇ ಕೇಳಿ. ಹಣ ಕೇಳಿದರೆ ಕಡತ ತಿಂಗಳುಗಟ್ಟಲೆ ಓಡಾಡುತ್ತದೆ.