ಒಬ್ಬರೇ ತಾತ, ಎರಡು ನಂಬರ್: ನಮ್ಮ ವಂಶವೃಕ್ಷದ ಗಂಟು ಬಿಡಿಸಿದ ಅನುಭವ

ನಮ್ಮ ಮನೆತನದಲ್ಲಿ ಹೊರಗಿನಿಂದ ಹೆಣ್ಣು ತಂದಿದ್ದೂ ಕಡಿಮೆ, ಹೊರಗೆ ಕೊಟ್ಟಿದ್ದೂ ಕಡಿಮೆ. ನಮ್ಮಪ್ಪ ಮದುವೆಯಾಗಿದ್ದು ತಮ್ಮ ದೊಡ್ಡಕ್ಕನ ಮಗಳನ್ನು. ಅಮ್ಮನ ತಮ್ಮ, ಅಂದ್ರೆ ನನ್ನ ಸೋದರಮಾವ, ಮದುವೆಯಾಗಿದ್ದು ನನ್ನ ದೊಡ್ಡಪ್ಪನ ಮಗಳನ್ನು. ಹಾಗಾಗಿ ಆಕೆ ನನಗೆ ಅಕ್ಕನೂ ಹೌದು, ಅತ್ತೆಯೂ ಹೌದು. ಅಪ್ಪನ ಅಪ್ಪ, ಮಾಗಡಿ ತಾತ, ನನಗೆ ತಾತನೂ ಹೌದು, ಅಮ್ಮನ ಕಡೆಯಿಂದ ಮುತ್ತಾತನೂ ಹೌದು. ಅಮ್ಮ ಸೊಸೆಯಾಗಿ ಬಂದ ಮೇಲೂ ಅತ್ತೆಯನ್ನು ಅಜ್ಜಿ ಅಂತಲೇ ಕರೆಯುತ್ತಿದ್ದರು. ಹಳೇ ಬೆಂಗಳೂರಿನ ಸುಮಾರು ಮನೆಗಳಲ್ಲಿ ಇದು ಮಾಮೂಲಿ, ಬಿಡಿ. ನಮಗೆ ಯಾರಿಗೂ ಇದು ಗೊಂದಲ ಅನ್ನಿಸಿದ್ದೇ ಇಲ್ಲ, ಕಾಗದದ ಮೇಲೆ ಬರೆಯೋಕೆ ಕೂರುವವರೆಗೂ.

ಕಾಗದದ ಮೇಲೆ ಇದು ಕೂರುವುದಿಲ್ಲ. ಮರದ ಚಿತ್ರದಲ್ಲಿ ಕೊಂಬೆಗಳು ಬೇರೆ ಬೇರೆಯಾಗಿ ಹೋಗಬೇಕು, ನಮ್ಮಲ್ಲಿ ಅವು ತಿರುಗಿ ಬಂದು ಕೂಡಿಕೊಳ್ಳುತ್ತವೆ. ದೊಡ್ಡಪ್ಪ ಒಬ್ಬರು ಹಿಂದೆ ಇದನ್ನೆಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಟ್ಟಿದ್ದರು. ಅಮ್ಮನ ಹೆಸರು ಅದರಲ್ಲಿ ಎರಡು ಕಡೆ ಇತ್ತು, ಒಂದು ಕಡೆ ಮೊಮ್ಮಗಳಾಗಿ, ಇನ್ನೊಂದು ಕಡೆ ಸೊಸೆಯಾಗಿ. ಎರಡಕ್ಕೂ ಸಂಬಂಧ ಇದೆ ಅಂತ ತೋರಿಸುವ ಒಂದು ಗೆರೆಯೂ ಇರಲಿಲ್ಲ. ಆ ಫೈಲ್ ಹಳೇ ಫಾಂಟಿನದ್ದು, ಈಗಿನ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಚಿಹ್ನೆಗಳು. ಯುನಿಕೋಡ್‌ಗೆ ಬದಲಾಯಿಸಿಕೊಂಡು, ಜಾಗ ತಪ್ಪಿದ ಅರ್ಕಾವತ್ತುಗಳನ್ನು ಒಂದೊಂದೇ ಸರಿಮಾಡಿಕೊಂಡು ಕೆಲಸ ಶುರು ಮಾಡಿದೆ.

ಸಾಫ್ಟ್‌ವೇರ್ ಅಂತ ಆರಿಸಿಕೊಂಡಿದ್ದು ಗ್ರ್ಯಾಂಪ್ಸ್ (Gramps), ವಂಶವೃಕ್ಷ ಬರೆಯೋಕೆ ಅಂತಲೇ ಇರುವುದು. 2001ರಿಂದ ಬೆಳೆದುಕೊಂಡು ಬಂದಿದೆ, ಉಚಿತ, ಲಿನಕ್ಸ್, ವಿಂಡೋಸ್, ಮ್ಯಾಕ್ ಎಲ್ಲದರಲ್ಲೂ ಓಡುತ್ತದೆ, ಮಾಹಿತಿ ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಈ ಕೊನೆಯದು ನನಗೆ ಮುಖ್ಯ. ಬದುಕಿರುವವರ ಹುಟ್ಟಿದ ದಿನ, ತಾಯಿಯ ತವರು ಇವೆಲ್ಲ ಯಾವುದೋ ವೆಬ್‌ಸೈಟಿನಲ್ಲಿ ಬಿದ್ದಿರುವುದು ಬೇಡ. ಕನ್ನಡದಲ್ಲಿ ಹೆಸರು ಬರೆದರೆ ಸರಿಯಾಗೇ ಉಳಿಸಿಕೊಳ್ಳುತ್ತದೆ.

ಇದರ ಒಳಗಿನ ಲೆಕ್ಕ ತುಂಬಾ ಸರಳ. ವ್ಯಕ್ತಿ ಒಂದು ದಾಖಲೆ, ಕುಟುಂಬ ಇನ್ನೊಂದು ದಾಖಲೆ. ಕುಟುಂಬ ಅಂದ್ರೆ ಗಂಡ, ಹೆಂಡತಿ, ಮಕ್ಕಳು, ಅಷ್ಟೇ. ಮಾವ, ಅತ್ತೆ, ಭಾವ, ಷಡ್ಡಕ ಇದ್ಯಾವುದನ್ನೂ ನಾವು ಬರೆಯುವ ಹಾಗೇ ಇಲ್ಲ. ಯಾರಿಗೆ ಯಾರು ಹುಟ್ಟಿದರು, ಯಾರು ಯಾರನ್ನು ಮದುವೆಯಾದರು ಅಂತ ಮಾತ್ರ ಹೇಳಬೇಕು, ಮಿಕ್ಕಿದ್ದನ್ನು ಅದೇ ಹುಡುಕಿಕೊಳ್ಳುತ್ತದೆ. ಆದರೆ ಒಂದು ಷರತ್ತು: ಒಬ್ಬ ಮನುಷ್ಯನಿಗೆ ಒಂದೇ ದಾಖಲೆ. ಅಪ್ಪನ ಮದುವೆ ಸೇರಿಸುವಾಗ ಹೆಂಡತಿಯ ಜಾಗದಲ್ಲಿ ಎರಡು ಬಟನ್ ಸಿಗುತ್ತವೆ, ಒಂದು ಹೊಸಬರನ್ನು ಸೇರಿಸೋಕೆ, ಇನ್ನೊಂದು ಈಗಾಗಲೇ ಇರುವವರನ್ನು ಆರಿಸೋಕೆ. ಒಳಗೊಳಗೇ ಸಂಬಂಧ ಇರುವ ಮನೆತನದವರು ಯಾವಾಗಲೂ ಮೊದಲು ಎರಡನೇದನ್ನೇ ಒತ್ತಬೇಕು. ದೊಡ್ಡಪ್ಪನ ಪಟ್ಟಿಯಲ್ಲಿ ಎರಡಾಗಿದ್ದ ಅಮ್ಮ ಇಲ್ಲಿ ಒಬ್ಬರೇ ಆದರು, ಮೇಲೆ ದೊಡ್ಡಕ್ಕನ ಕುಟುಂಬಕ್ಕೆ ಮಗಳು, ಪಕ್ಕದಲ್ಲಿ ಅಪ್ಪನ ಕುಟುಂಬಕ್ಕೆ ಹೆಂಡತಿ. ಅಲ್ಲಿಗೆ ಅರ್ಧ ಗಂಟು ಬಿಚ್ಚಿತು.

ಸರ್‌ನೇಮ್ ಅನ್ನೋದು ನಮಗೆ ತಲೆನೋವು. ನಮ್ಮಲ್ಲಿ ಇರೋದು ಇನಿಶಿಯಲ್, ಒಂದು ಊರಿಗೆ, ಒಂದು ಅಪ್ಪನ ಹೆಸರಿಗೆ. ಆ ಜಾಗ ಖಾಲಿ ಬಿಟ್ಟರೆ ಎಲ್ಲರೂ ಒಂದೇ ಗುಂಪಿನಲ್ಲಿ ಬಂದು ಬೀಳುತ್ತಾರೆ, ಹುಡುಕೋಕೆ ಆಗಲ್ಲ. ನಾನು ಅಲ್ಲಿ ಹುಟ್ಟಿದ ಮನೆಯನ್ನು ಹಾಕಿದೆ: ಮಾಗಡಿ ಮನೆ, ಶಿಡ್ಲಘಟ್ಟದ ಮನೆ, ಹೊಸಕೋಟೆ ಮನೆ. ಗಂಡಸರಿಗೂ ಅದೇ, ಹೆಂಗಸರಿಗೂ ಅದೇ, ಮದುವೆಯಾದ ಮೇಲೂ ಅದೇ. ಮದುವೆಯಲ್ಲಿ ಹೆಸರು ಬದಲಾಯಿಸಿದ್ದರೆ ಆ ಹೊಸ ಹೆಸರನ್ನು ಇನ್ನೊಂದು ಹೆಸರಾಗಿ ಸೇರಿಸಬಹುದು, ಪುಟ್ಟಿ, ಪಾಪು ಅಂತ ಕರೆಯುವ ಹೆಸರಿಗೂ ಜಾಗ ಇದೆ.

ಹೀಗೆ ಹುಟ್ಟಿದ ಮನೆಯ ಮೇಲೆ ಗುಂಪು ಮಾಡಿದ ಮೇಲೆ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಗಂಡಸರ ಸಾಲು ನಮ್ಮ ಹತ್ರ ಮೊದಲಿಂದಲೂ ಇತ್ತು. ತರ್ಪಣಕ್ಕೆ ಕೂತರೆ ಅಪ್ಪ, ಅಜ್ಜ, ಮುತ್ತಜ್ಜ, ಆಮೇಲೆ ತಾಯಿಯ ತಂದೆ, ಅವರ ತಂದೆ, ಅವರ ಅಜ್ಜ ಅಂತ ಬಾಯಿಪಾಠವಾಗಿ ಬರುತ್ತದೆ. ಅವರ ಹೆಂಡತಿಯರ ಹೆಸರೂ ಬರುತ್ತದೆ, ಆದರೆ ಆ ಹೆಂಗಸರ ಅಪ್ಪ ಯಾರು ಅಂತ ಬರುವುದಿಲ್ಲ. ಆಸ್ತಿಗೆ ಅಂತ ಮಾಡಿಸಿದ್ದ ನಮ್ಮ ಮನೆಯ ವಂಶವೃಕ್ಷದಲ್ಲೂ ಇದೇ ಕತೆ. ಒಂದೇ ಗೋತ್ರದೊಳಗೆ ಮದುವೆ ಇಲ್ಲವಲ್ಲ, ಹಾಗಾಗಿ ಈ ಎರಡು ಗಂಡು ಸಾಲುಗಳು ಎಲ್ಲೂ ಒಂದಕ್ಕೊಂದು ತಾಗುವುದೇ ಇಲ್ಲ. ಸಂಬಂಧಗಳು ತಿರುಗಿ ಬಂದು ಕೂಡುವುದು ಪ್ರತಿಸಲವೂ ಯಾವುದೋ ಅಜ್ಜಿಯ ತವರಿನ ಮೂಲಕ. ತವರು ಬರೆಯದ ವಂಶವೃಕ್ಷವನ್ನು ಎಷ್ಟು ಅಂದವಾಗಿ ಪ್ರಿಂಟ್ ಹಾಕಿಸಿದರೂ ನಮ್ಮಂಥ ಮನೆಗಳ ವಿಷಯದಲ್ಲಿ ಅದು ಅರ್ಧ ಸುಳ್ಳೇ.

ಅಲ್ಲಿಂದ ಮುಂದೆ ನಾನು ಹಿರಿಯರನ್ನು ಕೇಳುವ ಪ್ರಶ್ನೆಯೇ ಬದಲಾಯಿತು. ಅವರು ನಿಮಗೇನಾಗಬೇಕು ಅಂತ ಕೇಳುವುದು ಬಿಟ್ಟೆ. ಅದಕ್ಕೆ ಯಾರೂ ಪೂರ್ತಿ ಉತ್ತರ ಕೊಡುವುದಿಲ್ಲ, ಕರೆಯೋಕೆ ಯಾವುದು ಅಭ್ಯಾಸವಾಗಿದೆಯೋ ಅದನ್ನೇ ಹೇಳುತ್ತಾರೆ. ಅವರ ತವರು ಯಾವುದು, ಅವರ ಬಾಣಂತನ ಯಾರ ಮನೆಯಲ್ಲಾಯಿತು ಅಂತ ಕೇಳತೊಡಗಿದೆ. ಹನುಮಂತನಗರದಲ್ಲಿರುವ ದೊಡ್ಡಮ್ಮನ ಹತ್ರ ಈ ಎರಡನೇ ಪ್ರಶ್ನೆ ಕೇಳಿದ್ದಕ್ಕೆ, ಯಾವ ಹೆರಿಗೆಗೆ ಯಾರು ಅಂಟಿನುಂಡೆ ಕಟ್ಟಿದರು ಅನ್ನುವವರೆಗೂ ಹೇಳಿದರು. ಆ ಒಂದು ಮಧ್ಯಾಹ್ನದಲ್ಲಿ ಸಿಕ್ಕಷ್ಟು ತವರುಗಳು ಯಾವ ದಾಖಲೆಯಲ್ಲೂ ಸಿಗಲಿಲ್ಲ.

ಇನ್ನೊಬ್ಬ ಮುತ್ತಾತನ ಮನೆಯಲ್ಲಿ ಬೇರೆ ಥರದ ಗಂಟು. ಮೊದಲ ಹೆಂಡತಿ ತೀರಿಕೊಂಡ ಮೇಲೆ ಆಕೆಯ ತಂಗಿಯನ್ನೇ ತಂದುಕೊಂಡರು. ಇಬ್ಬರಿಗೂ ಮಕ್ಕಳು. ಮನೆಯಲ್ಲಿ ಎಲ್ಲರೂ ಸ್ವಂತ ಅಣ್ಣತಮ್ಮಂದಿರೇ, ಯಾರೂ ಬೇರೆ ಮಾಡಿ ನೋಡಿದ್ದಿಲ್ಲ. ಸಾಫ್ಟ್‌ವೇರಿನಲ್ಲಿ ಮಾತ್ರ ಒಬ್ಬ ಗಂಡನಿಗೆ ಎರಡು ಕುಟುಂಬ ಮಾಡಿ, ಇಬ್ಬರು ಹೆಂಡತಿಯರನ್ನೂ ಶಿಡ್ಲಘಟ್ಟದ ಒಂದೇ ತಂದೆತಾಯಿಗೆ ಸೇರಿಸಬೇಕು. ಆಗ ಆ ಮಕ್ಕಳು ಅಪ್ಪನ ಕಡೆಯಿಂದಲೂ, ಅಮ್ಮಂದಿರ ಕಡೆಯಿಂದಲೂ ಸಂಬಂಧಿಗಳು ಅಂತ ಸರಿಯಾಗಿ ಬರುತ್ತದೆ. ದತ್ತು ಕೂಡ ಹೀಗೇ. ತಮ್ಮನ ಮಗನನ್ನು ದತ್ತು ತೆಗೆದುಕೊಂಡಿದ್ದರೆ ಆ ಹುಡುಗನನ್ನು ಎರಡು ಕುಟುಂಬಕ್ಕೂ ಮಗನಾಗಿ ಸೇರಿಸಿ, ಒಂದು ಕಡೆ ಹುಟ್ಟಿನಿಂದ, ಇನ್ನೊಂದು ಕಡೆ ದತ್ತು ಅಂತ ಗುರುತು ಹಾಕಬೇಕು. ಇದನ್ನೆಲ್ಲ ಹಾಕುವುದು ಬೇಡ ಅಂತ ಒಬ್ಬ ಅತ್ತೆ ಗಟ್ಟಿಯಾಗಿ ಹೇಳಿದರು. ಗ್ರ್ಯಾಂಪ್ಸ್‌ನಲ್ಲಿ ಪ್ರತಿ ದಾಖಲೆಗೂ ಒಂದು ಬೀಗದ ಚಿಹ್ನೆ ಇದೆ. ಅದನ್ನು ಒತ್ತಿದರೆ ಬೇರೆಯವರಿಗೆ ಕಳಿಸುವಾಗ ಆ ಮಾಹಿತಿ ಬಿಟ್ಟು ಕಳಿಸಬಹುದು. ಹಾಕಿದೆ, ಬೀಗ ಒತ್ತಿದೆ, ಅತ್ತೆಗೆ ತೋರಿಸಿದೆ.

ತಾರೀಖಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಯಾರು ಯಾರು ಅಂತ ತೀರ್ಮಾನ ಆಗೋದೇ ತಾರೀಖಿನಿಂದ. ಮಾಗಡಿಯಿಂದ ತಂದ ಒಂದು ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದು ಮದುವೆಯ ವಿವರ ಇತ್ತು, ವಿಶ್ವಾವಸು ಸಂವತ್ಸರ, ಫಾಲ್ಗುಣ ಮಾಸ ಅಂತ. ಇಸವಿ ಇಲ್ಲ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ವಿಶ್ವಾವಸು ಅಂದ್ರೆ 1905-06 ಆಗಬಹುದು, 1965-66 ಆಗಬಹುದು, ಫಾಲ್ಗುಣ ಅಂದ್ರೆ ಎರಡನೇ ಇಸವಿಯೇ, ಅಂದ್ರೆ 1906 ಅಥವಾ 1966. ವರನ ಹೆಸರು ಎರಡು ತಲೆಮಾರಿಗೂ ಹೊಂದುತ್ತದೆ! ಪಕ್ಕದ ಹಾಳೆ ತಿರುಗಿಸಿದರೆ ಮುಯ್ಯಿ ಪಟ್ಟಿ ಇತ್ತು, ಯಾರು ಎಷ್ಟು ಹಾಕಿದರು ಅಂತ, ಎಲ್ಲ ರೂಪಾಯಿ, ಆಣೆ, ಕಾಸಿನಲ್ಲಿ. ನಮ್ಮಲ್ಲಿ ನಯಾಪೈಸೆ ಬಂದಿದ್ದು 1957ರ ಏಪ್ರಿಲ್‌ನಲ್ಲಿ. 1966ರಲ್ಲಿ ಯಾರೂ ಮುಯ್ಯಿಯನ್ನು ಆಣೆ ಕಾಸಿನಲ್ಲಿ ಬರೆದಿಡುತ್ತಿರಲಿಲ್ಲ. ಹಾಗಾಗಿ ಅದು ಹಳೇ ತಲೆಮಾರಿನ ಮದುವೆ, 1906. ಗ್ರ್ಯಾಂಪ್ಸ್‌ನಲ್ಲಿ ಹೀಬ್ರೂ, ಇಸ್ಲಾಮಿಕ್, ಪರ್ಷಿಯನ್ ಕ್ಯಾಲೆಂಡರ್ ಎಲ್ಲ ಇವೆ, ನಮ್ಮ ಸಂವತ್ಸರ ಇಲ್ಲ. ಹಾಗಾಗಿ ಇಂಗ್ಲಿಷ್ ಇಸವಿಯನ್ನು ಅಂದಾಜು ಅಂತ ಗುರುತು ಮಾಡಿ ಹಾಕಿ, ಮೂಲದಲ್ಲಿ ಇದ್ದದ್ದನ್ನು ಇದ್ದ ಹಾಗೇ ಟಿಪ್ಪಣಿಯಲ್ಲಿ ಬರೆದಿಡುತ್ತೇನೆ. ಅಂದ ಹಾಗೆ ಆ ಮುಯ್ಯಿ ಪಟ್ಟಿಯಲ್ಲೂ ಹೆಸರಿನ ಪಕ್ಕ ಊರು ಇತ್ತು. ಹೆಣ್ಣಿನ ಕಡೆಯವರು ಎಲ್ಲಿಯವರು ಅಂತ ಗೊತ್ತಾಗಿದ್ದು ಅಲ್ಲೇ.

ಎಲ್ಲ ತುಂಬಿಸಿದ ಮೇಲೆ ಪರೀಕ್ಷೆ ಮಾಡಿದ್ದು ಆನೆನ್‌ಟಾಫೆಲ್ ಅನ್ನುವ, ಪೂರ್ವಜರಿಗೆಲ್ಲ ನಂಬರ್ ಕೊಡುವ ವರದಿಯಲ್ಲಿ. ಹೆಸರು ಕಷ್ಟ, ಲೆಕ್ಕ ಸುಲಭ. ನೀವು 1, ಅಪ್ಪ 2, ಅಮ್ಮ 3. ಯಾರದೇ ಅಪ್ಪನ ನಂಬರ್ ಬೇಕಾದರೆ ಅವರ ನಂಬರನ್ನು ಎರಡರಿಂದ ಗುಣಿಸಿ, ಅಮ್ಮನದಕ್ಕೆ ಅದರ ಮೇಲೆ ಒಂದು ಸೇರಿಸಿ. ನನ್ನ ಪಟ್ಟಿಯಲ್ಲಿ ಮಾಗಡಿ ತಾತ 4, ಅಪ್ಪನ ಅಪ್ಪ. ಅಮ್ಮ 3, ಅಮ್ಮನ ಅಮ್ಮ 7, ಆಕೆಯ ಅಪ್ಪ 14, ಅದೂ ಮಾಗಡಿ ತಾತನೇ. ಹಾಗೇ ಅಜ್ಜಿ 5 ಮತ್ತು 15. ಒಬ್ಬರೇ ಎರಡು ತಲೆಮಾರಿನಲ್ಲಿ ಕೂತಿದ್ದಾರೆ. ಸೋದರಮಾವನ ಮಗಳನ್ನು ಮದುವೆಯಾದವರ ಮಕ್ಕಳಿಗೆ ಬೇರೆ ಥರ: 10, 11ನೇ ಜಾಗದವರೇ 12, 13ರಲ್ಲೂ ಬರುತ್ತಾರೆ, 8 ಮುತ್ತಜ್ಜ ಮುತ್ತಜ್ಜಿಯರ ಬದಲು 6 ಜನವೇ ಸಿಗುತ್ತಾರೆ. ನಿಮ್ಮ ಮನೆಯಲ್ಲಿ ಇಂಥ ಮದುವೆ ಆಗಿದ್ದೂ ವರದಿಯಲ್ಲಿ ಯಾರೂ ಎರಡು ಸಲ ಬರದಿದ್ದರೆ, ಎಲ್ಲೋ ಒಬ್ಬರಿಗೆ ಎರಡು ದಾಖಲೆ ಇದೆ ಅಂತ ಅರ್ಥ. ಆ ಎರಡನ್ನು ಆರಿಸಿ ಒಂದು ಮಾಡುವ ಸೌಲಭ್ಯ ಇದೆ. ಮಾಡುವ ಮುಂಚೆ ಬ್ಯಾಕಪ್ ತೆಗೆದಿಟ್ಟುಕೊಳ್ಳಿ.

ಇದರ ನಿಜವಾದ ಉಪಯೋಗ ಗೊತ್ತಾಗಿದ್ದು ಅಮೆರಿಕದಿಂದ ಫೋನ್ ಬಂದಾಗ. ನನ್ನ ತಮ್ಮ, ಸೋದರಮಾವನ ಮಗಳು ಇಬ್ಬರೂ ಅಲ್ಲೇ ಇರೋದು, ಇಬ್ಬರೂ ಸುಮ್ನೆ ಕುತೂಹಲಕ್ಕೆ ಡಿಎನ್‌ಎ ಪರೀಕ್ಷೆ ಮಾಡಿಸಿದ್ದರು. ಇವರಿಬ್ಬರು ಅಪ್ಪನೋ ಅಮ್ಮನೋ ಒಬ್ಬರನ್ನು ಹಂಚಿಕೊಂಡ ಒಡಹುಟ್ಟಿದವರಿರಬಹುದು ಅಂತ ಫಲಿತಾಂಶ ಊಹೆ ಮಾಡಿತ್ತು. ಅವಳು ತಮ್ಮನಿಗೆ ಹೇಳೋಕೆ ಸಂಕೋಚಪಟ್ಟು ನನಗೆ ಫೋನ್ ಮಾಡಿದಳು. "ಭಾವ, ಇದೇನೋ ವಿಚಿತ್ರವಾಗಿ ಬಂದಿದೆ, ಅಪ್ಪನ್ನ ಏನಂತ ಕೇಳೋದು?" ಅಂದಳು. ಏನೂ ಕೇಳಬೇಡ, ಸ್ವಲ್ಪ ಇರು ಅಂದೆ.

ಗ್ರ್ಯಾಂಪ್ಸ್‌ನಲ್ಲಿ ಇಬ್ಬರ ಪೂರ್ವಜರನ್ನು ಮಾತ್ರ ಉಳಿಸಿಕೊಂಡು ರಿಲೇಶನ್‌ಶಿಪ್ ಗ್ರಾಫ್ ತೆಗೆದೆ. ಈ ಗ್ರಾಫಿನಲ್ಲಿ ಒಬ್ಬರು ಒಂದೇ ಸಲ ಬರುತ್ತಾರೆ, ಗೆರೆಗಳು ಬಂದು ಸೇರುತ್ತವೆ, ಹಾಗಾಗಿ ದಾರಿ ಎಣಿಸಬಹುದು. ನಾಲ್ಕು ದಾರಿ ಸಿಕ್ಕವು. ನಮ್ಮಮ್ಮ, ಅವಳಪ್ಪ ಅಕ್ಕ ತಮ್ಮ, ಇದು ಎಲ್ಲರಿಗೂ ಗೊತ್ತಿದ್ದ ದಾರಿ. ನಮ್ಮಪ್ಪ, ಅವಳ ಅಮ್ಮನ ಅಪ್ಪ ಅಣ್ಣತಮ್ಮಂದಿರು, ಇದು ಎರಡು. ನಮ್ಮಪ್ಪ, ಅವಳ ಅಪ್ಪನ ಅಮ್ಮ ಒಡಹುಟ್ಟಿದವರು, ಇದು ಮೂರು. ನಮ್ಮಮ್ಮನ ಅಮ್ಮ, ಅವಳ ಅಮ್ಮನ ಅಪ್ಪ ಒಡಹುಟ್ಟಿದವರು, ಇದು ನಾಲ್ಕು. ಮೊದಲನೆಯದು ಬಿಟ್ಟರೆ ಮಿಕ್ಕಿದ್ದೆಲ್ಲ ಮಾಗಡಿ ತಾತ, ಅಜ್ಜಿಯ ಹತ್ರ ಹೋಗಿ ಮುಟ್ಟುತ್ತವೆ. ಪ್ರತಿ ದಾರಿಯಿಂದ ಇಬ್ಬರಿಗೂ ಸಮಾನವಾಗಿ ಬರುವ ಡಿಎನ್‌ಎ ಪಾಲನ್ನು ಲೆಕ್ಕ ಹಾಕಿದರೆ 1/8, 1/16, 1/16, 1/32. ಕೂಡಿದರೆ 9/32, ಅಂದ್ರೆ ಸರಾಸರಿ 28 ಪರ್ಸೆಂಟ್. ಮಾವನ ಮಕ್ಕಳಲ್ಲಿ ಸಾಮಾನ್ಯವಾಗಿ ಇರಬೇಕಾದ್ದು 12.5, ಒಬ್ಬ ಅಪ್ಪ ಅಥವಾ ಅಮ್ಮನನ್ನು ಮಾತ್ರ ಹಂಚಿಕೊಂಡ ಒಡಹುಟ್ಟಿದವರಲ್ಲಿ 25. ಪರೀಕ್ಷೆ ಸರಿಯಾಗೇ ಅಳೆದಿತ್ತು. ನಮ್ಮ ಮನೆಯ ಮದುವೆಗಳು ಅದಕ್ಕೆ ಗೊತ್ತಿರಲಿಲ್ಲ, ಅಷ್ಟೇ. ಗ್ರಾಫ್ ಕಳಿಸಿದೆ. ಅವಳು ಅದನ್ನು ಎಲ್ಲರಿಗೂ ಫಾರ್ವರ್ಡ್ ಮಾಡಿ, ಈಗ ಮನೆಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಪ್ರತಿಯೊಬ್ಬರಿಗೂ ತಮ್ಮ ಪರ್ಸೆಂಟ್ ಬೇಕಂತೆ.

ಸಾಫ್ಟ್‌ವೇರಿನಲ್ಲಿ ರಿಲೇಶನ್‌ಶಿಪ್ ಕ್ಯಾಲ್ಕುಲೇಟರ್ ಅಂತಲೂ ಇದೆ. ಇಬ್ಬರನ್ನು ಆರಿಸಿದರೆ ಸಂಬಂಧ ಮತ್ತು ಇಬ್ಬರಿಗೂ ಸೇರಿದ ಪೂರ್ವಜರನ್ನು ಹೇಳುತ್ತದೆ. ಆದರೆ ಚಿಕ್ಕಪ್ಪನ ಮಗ, ಸೋದರತ್ತೆಯ ಮಗ ಇಬ್ಬರೂ ಅದಕ್ಕೆ ಕಸಿನ್‌ಗಳೇ. ಒಬ್ಬ ತಮ್ಮ, ಇನ್ನೊಬ್ಬನಿಗೆ ಹೆಣ್ಣು ಕೊಡಬಹುದು ಅನ್ನೋದು ಅದಕ್ಕೆ ತಿಳಿಯಲ್ಲ. ಅದಕ್ಕೆ ನಾನು ಗ್ರಾಫನ್ನೇ ನಂಬುತ್ತೇನೆ, ಮನೆಯಲ್ಲಿ ಯಾರು ಯಾರನ್ನು ಏನಂತ ಕರೆಯುತ್ತಾರೆ ಅನ್ನುವುದನ್ನು ಬೇರೆಯಾಗಿ ಟಿಪ್ಪಣಿಯಲ್ಲಿ ಬರೆದಿಡುತ್ತೇನೆ.

ಪ್ರಿಂಟ್ ಹಾಕಿಸುವವರಿಗೆ ಒಂದು ಮಾತು: ಗ್ರಾಫಿಗೆ ನೋಟೊ ಸಾನ್ಸ್ ಕನ್ನಡದಂಥ ಯುನಿಕೋಡ್ ಫಾಂಟ್ ಆರಿಸಿಕೊಳ್ಳಿ, ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಬರೀ ಚೌಕಗಳು ಬರಬಹುದು. ಪಿಡಿಎಫ್ ಮಾಡಿಕೊಂಡು ಮನೆ ಪ್ಲಾನ್ ಪ್ರಿಂಟ್ ಹಾಕುವ ಅಂಗಡಿಗೆ ಕೊಟ್ಟರೆ ಎ-ಸೊನ್ನೆ ಹಾಳೆಯಲ್ಲಿ ತೆಗೆದುಕೊಡುತ್ತಾರೆ. ಬೇರೆ ಸಾಫ್ಟ್‌ವೇರ್ ಬಳಸುವ ನೆಂಟರಿಗೆ, ಇಂಥ ಸಾಫ್ಟ್‌ವೇರ್‌ಗಳೆಲ್ಲ ಓದಬಲ್ಲ ಜೆಡ್‌ಕಾಮ್ ಫೈಲ್ ಕಳಿಸಬಹುದು. ಅವರಿಂದ ಬಂದ ಫೈಲಿನಲ್ಲಿ ಕನ್ನಡ ಕೆಟ್ಟಿದ್ದರೆ ಯುಟಿಎಫ್-8ರಲ್ಲಿ, ಅಂದ್ರೆ ಯುನಿಕೋಡ್ ರೂಪದಲ್ಲಿ, ಮತ್ತೆ ಕಳಿಸಿ ಅನ್ನಿ.

ಉಳಿದಿರೋದು ಹೊಸಕೋಟೆ ಮನೆ. ಅಲ್ಲಿಂದ ಬಂದ ಇಬ್ಬರು ಸೊಸೆಯರು ಅಕ್ಕತಂಗಿಯರೋ, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳೋ ಅಂತ ಹೇಳುವವರು ಈಗ ಯಾರೂ ಇಲ್ಲ. ಒಬ್ಬರ ಲಗ್ನಪತ್ರಿಕೆ ಶ್ರೀನಗರದ ಚಿಕ್ಕಮ್ಮನ ಮನೆಯ ಅಟ್ಟದ ಮೇಲೆ ಟ್ರಂಕಿನಲ್ಲಿದೆಯಂತೆ. ದೀಪಾವಳಿಗೆ ಮನೆ ಕ್ಲೀನ್ ಮಾಡಿಸುವಾಗ ಇಳಿಸೋಣ, ಅಲ್ಲಿವರೆಗೂ ತೊಂದರೆ ಕೊಡಬೇಡ ಅಂದಿದ್ದಾರೆ.